ಮರಳಿನಡಿ ಮಲಗುವ ಹೊಳೆ

ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟಸಾಲಿನಲ್ಲಿ ಎರಡು ಹೊಳೆಗಳು ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ತಿರುಗಿ, ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು, ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಒಂದೇ ತವರಿನ ಅಕ್ಕತಂಗಿಯರು ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋದ ಹಾಗೆ!

ಜಯಮಂಗಲಿ ವರ್ಷಪೂರ್ತಿ ಹರಿಯುವ ಹೊಳೆಯಲ್ಲ. ಮಳೆ ಚೆನ್ನಾಗಿ ಹಿಡಿದರೆ ಕೆಂಪು ನೀರು ಎರಡೂ ದಡ ತುಂಬಿ ಓಡುತ್ತದೆ. ಮಳೆ ನಿಂತ ಮೇಲೆ ತಿಳಿಯಾಗಿ, ಸಣ್ಣಗಾಗಿ, ಬೇಸಿಗೆಗೆ ಮಾಯವಾಗುತ್ತದೆ. ನಾನು ಮಧುಗಿರಿ ಕಡೆ ಹೋದದ್ದು ಏಪ್ರಿಲ್ ತಿಂಗಳಲ್ಲಿ. ದಡದಲ್ಲಿ ಹೊಂಗೆಯ ನೆರಳು, ಈಚಲ ಪೊದೆ, ಹೊಲಗಳಲ್ಲಿ ಕೊಯ್ದ ರಾಗಿಯ ಕೂಳೆ. ಹೊಳೆಯಲ್ಲಿ ಮಾತ್ರ ಬರೀ ಮರಳು, ಕಾಲಿಟ್ಟರೆ ಸುಡುವಷ್ಟು ಬಿಸಿ.

ಅಲ್ಲಿ ಕುರಿ ಕಾಯುತ್ತಿದ್ದ ಅಜ್ಜಿಯೊಬ್ಬರನ್ನು, "ಹೊಳೆ ಬತ್ತಿಹೋಗಿದೆಯಲ್ಲ ಅಜ್ಜಿ?" ಎಂದೆ.

"ಬತ್ತಿಲ್ಲ ಕಣಪ್ಪ, ಕೆಳಗೆ ಮಲಗೈತೆ" ಎಂದು ನಕ್ಕು, ತಗ್ಗಾದ ಒಂದು ಜಾಗದಲ್ಲಿ ಕೈಯಿಂದಲೇ ಮರಳು ತೋಡತೊಡಗಿದರು. ಮೊಳದಷ್ಟು ಆಳಕ್ಕೆ ಮರಳು ಒದ್ದೆಯಾಯಿತು. ಇನ್ನೊಂದಿಷ್ಟು ತೋಡಿದಾಗ ತಳದಲ್ಲಿ ನೀರು ಜಿನುಗಿ ನಿಂತಿತು. ಮೊದಲ ಕಲಕು ನೀರನ್ನು ಚೆಲ್ಲಿ ಸ್ವಲ್ಪ ಕಾದರು. ಗುಂಡಿ ಮತ್ತೆ ತಿಳಿ ನೀರಿನಿಂದ ತುಂಬಿತು. ಇದೇ ಒರತೆ.

ಮಕ್ಕಳೇ, ಇದು ಮಾಟವಲ್ಲ. ಒಂದು ಲೋಟದ ತುಂಬ ದಪ್ಪ ಮರಳು ಹಾಕಿ, ಮೇಲೆ ನಿಧಾನವಾಗಿ ನೀರು ಸುರಿದು ನೋಡಿ. ತುಂಬಿದ ಲೋಟವೂ ಇನ್ನಷ್ಟು ನೀರು ಕುಡಿಯುತ್ತದೆ! ಮರಳ ಕಾಳುಗಳ ನಡುವಿನ ಸಂದಿಯಲ್ಲಿ ಆ ನೀರು ಕೂರುತ್ತದೆ. ಹೊಳೆಯಲ್ಲೂ ಹಾಗೆಯೇ. ಬಿಸಿಲು ಮೇಲಿನ ಮರಳನ್ನು ಒಣಗಿಸುತ್ತದೆ. ಆ ಒಣ ಪದರವೇ ಕೆಳಗಿನ ನೀರಿಗೆ ಹೊದಿಕೆ.

ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯ ಹಿರಿಯರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಮರಳು ನೆಲದಲ್ಲಿ ನೀರು ಉಕ್ಕುವ ಕಡೆ ಅವರು ತಲಪರಿಗೆ ಮಾಡಿಕೊಂಡಿದ್ದರು. ನೀರು ಅಲ್ಲಿಂದ ಕಾಲುವೆಯಲ್ಲಿ ತಾನಾಗಿ ಹೊಲಕ್ಕೆ ಹರಿಯುತ್ತಿತ್ತು. ಪಂಪು, ಕರೆಂಟು ಯಾವುದೂ ಬೇಡ. ಊರವರು ಸೇರಿ ಹೂಳು ತೆಗೆಯುತ್ತಿದ್ದರು, ಸರದಿಯಂತೆ ನೀರು ಹಂಚಿಕೊಳ್ಳುತ್ತಿದ್ದರು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಕೃಷ್ಣಮೃಗಗಳಿಗಾಗಿ 798 ಎಕರೆ ಹುಲ್ಲುಗಾವಲನ್ನು ಕಾಯ್ದಿರಿಸಿದ್ದಾರೆ. ಅದಕ್ಕೂ ಜಯಮಂಗಲಿಯದೇ ಹೆಸರು. ಸುರುಳಿ ಕೊಂಬಿನ ಗಂಡುಗಳು ಚಂಗನೆ ನೆಗೆಯುವುದನ್ನು ನೋಡುವುದೇ ಹಬ್ಬ.

ಆದರೆ ಮನಸ್ಸಿಗೆ ಚುಚ್ಚಿದ ಸಂಗತಿಯೂ ಒಂದಿದೆ. ಮನೆ ಕಟ್ಟಲು ಮರಳು ತೆಗೆದ ಕಡೆಗಳಲ್ಲಿ ಹೊಳೆಯ ಒಡಲು ಗುಂಡಿಬಿದ್ದು, ಗಟ್ಟಿ ಮಣ್ಣು ಮೇಲೆದ್ದಿತ್ತು. "ಅಲ್ಲಿ ಆಳುದ್ದ ತೋಡಿದರೂ ಒರತೆ ಇಲ್ಲ" ಎಂದರು ಅಜ್ಜಿ. ಹೊದಿಕೆ ಹೋದ ಮೇಲೆ ನೀರು ಎಲ್ಲಿ ಮಲಗೀತು? ಸುತ್ತಲಿನ ಬಾವಿಗಳೂ ಆ ಮರಳನ್ನೇ ನಂಬಿರುತ್ತವೆ. ಮಳೆ ಮರುವರ್ಷವೂ ಬರಬಹುದು. ಮರಳು ಅಷ್ಟು ಬೇಗ ಬರುವುದಿಲ್ಲ.

ನಿಮ್ಮೂರಲ್ಲೂ ಮಳೆಗಾಲಕ್ಕೆ ಮಾತ್ರ ಹರಿಯುವ ಹಳ್ಳವೊಂದು ಇರಬಹುದು. ಅದರಲ್ಲಿ ಒರತೆ ಎಲ್ಲಿತ್ತು, ಎಷ್ಟು ಆಳಕ್ಕೆ ನೀರು ಸಿಗುತ್ತಿತ್ತು ಎಂದು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ. ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಗುವುದಾದರೆ ಅವರ ಕೈ ಹಿಡಿದು ಆ ಜಾಗಕ್ಕೇ ಹೋಗಿ ಬನ್ನಿ.