ಕಮಿಟ್ ಆಗದೆ ಉಳಿದಿದ್ದ ಕನ್ನಡ ಬಿಲ್ಲು

ಆದೋನಿಯ ಹತ್ತಿ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಈಗ ಆಂಧ್ರದಲ್ಲಿರುವ ಊರಿದು. ಆಲೂರು, ಕೌತಾಳಂ, ಕೋಸಿಗಿ ಕಡೆಯಿಂದ ಹತ್ತಿ ತರುವವರಲ್ಲಿ ಕನ್ನಡದವರೂ ಬಹಳ. ಬಿಲ್ಲು ಮಾತ್ರ ತೆಲುಗು, ಇಂಗ್ಲಿಷಿನಲ್ಲೇ ಇತ್ತು. “ತೂಕ ಎಷ್ಟು, ಹಮಾಲಿ ಎಷ್ಟು ಹಿಡಿದಾರ ಅಂತ ರೈತ ತಾನೇ ಓದ್ಕೊಳ್ಳೋ ಹಂಗ ಮಾಡಪ್ಪ” ಎಂದು ಒಬ್ಬ ಹಿರಿಯ ಗುಮಾಸ್ತರು ಹೇಳಿದ್ದರು. ಆ ಮಾತು ಮನಸ್ಸಿಗೆ ನಾಟಿ ಕನ್ನಡ ಬಿಲ್ಲಿಗೆ ಕೈಹಾಕಿದ್ದೆ.

ಅದು ಅರ್ಧದಲ್ಲಿರುವಾಗಲೇ ಕಚೇರಿ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಬ್‌ವರ್ಶನ್ ಬಿಟ್ಟು, ಅದೇ ಕೆಲಸ ಮಾಡುವ ಗಿಟ್‌ಗೆ ಹೊರಟಿತು. ಕಮಿಟ್ ಆದದ್ದೆಲ್ಲ, ಅಂದರೆ ಅದರಲ್ಲಿ ದಾಖಲಾದದ್ದೆಲ್ಲ, ಇತಿಹಾಸ ಸಮೇತ ಹೊಸ ಕಡೆಗೆ ಬಂತು. ನನ್ನದು ಕಮಿಟ್ ಆಗಿರಲಿಲ್ಲ. ಸಬ್‌ವರ್ಶನ್‌ನಲ್ಲಿ ಕಮಿಟ್ ಎಂದರೆ ನೇರ ಸರ್ವರಿಗೆ. ಅರ್ಧ ಕೋಡ್ ಹಾಕಿದರೆ ಎಲ್ಲರ ಕೆಲಸವೂ ಕೆಡುತ್ತದೆ. ಹೀಗಾಗಿ ತಿಂಗಳುಗಟ್ಟಲೆ ಬರೆದದ್ದು ನನ್ನ ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಹಳೆಯ ಸರ್ವರ್ ಮುಚ್ಚುವ ಮೊದಲೇ ನನ್ನ ಫೋಲ್ಡರನ್ನು ಅಪ್‌ಡೇಟ್ ಮಾಡಿಟ್ಟುಕೊಂಡಿದ್ದೆ. ಮೂಲ ಪ್ರತಿಯನ್ನು ಸಬ್‌ವರ್ಶನ್ ನಮ್ಮ ಫೋಲ್ಡರಿನಲ್ಲೇ ಇಟ್ಟಿರುತ್ತದೆ. ಸರ್ವರ್ ಇಲ್ಲದೆಯೂ ವ್ಯತ್ಯಾಸ ತೆಗೆಯಬಹುದು. ಪವರ್‌ಶೆಲ್‌ನಲ್ಲಿ ಆ ವ್ಯತ್ಯಾಸವನ್ನು ಪ್ಯಾಚ್ ಫೈಲಿಗೆ ಹರಿಸಿ ಗಿಟ್‌ಗೆ ಕೊಟ್ಟೆ. ಇದರಲ್ಲಿ ಪ್ಯಾಚೇ ಇಲ್ಲವೆಂದಿತು. ವಿಂಡೋಸ್‌ನ ಹಳೆಯ ಪವರ್‌ಶೆಲ್ ಫೈಲನ್ನು ಯುಟಿಎಫ್-16ರಲ್ಲಿ ಬರೆಯುತ್ತದೆ, ಅದು ಗಿಟ್‌ಗೆ ಅರ್ಥವಾಗುವುದಿಲ್ಲ. ಯುಟಿಎಫ್-8ಕ್ಕೆ ಬದಲಿಸಿ ತೆರೆದರೆ ಎದೆ ಧಸಕ್ಕೆಂದಿತು: ತೂಕ, ಹಮಾಲಿ, ಕಮಿಷನ್, ಒಂದೂ ಉಳಿದಿರಲಿಲ್ಲ. ಒಂದೊಂದು ಅಕ್ಷರದ ಜಾಗದಲ್ಲೂ ಒಂದು ಗ್ರೀಕ್ ಆಲ್ಫಾ, ಅದರ ಪಕ್ಕ ಬೂದು ಚೌಕ. ತೆಲುಗಿಗೂ ಅದೇ ಗತಿ. ಇಂಗ್ಲಿಷ್ ಸಾಲುಗಳು ಮಾತ್ರ ಹಾಗೇ ಇದ್ದವು. ಹಳೆಯ ಸಾಲು ಒಂದು ಕಡೆ ಹೊಂದದಿದ್ದರೂ ಗಿಟ್ ಇಡೀ ಪ್ಯಾಚನ್ನೇ ತಡೆಯುತ್ತದೆ. ಹಳೆಯ ಸಾಲೆಲ್ಲ ಹೊಂದಿ, ಕೆಟ್ಟದ್ದು ಬರೀ ಹೊಸ ಸಾಲಿನಲ್ಲಿದ್ದರೆ ಈ ಕಸವನ್ನೇ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಭಯವಾದದ್ದು ಅದಕ್ಕೆ.

ಅದೇ ಆಜ್ಞೆಯನ್ನು ಹಳೆಯ ಕಪ್ಪು ಕಮಾಂಡ್ ಕಿಟಕಿಯಲ್ಲಿ ಕೊಟ್ಟೆ. ಅದು ಬೈಟುಗಳನ್ನು ಮುಟ್ಟದೆ ಬರೆಯಿತು, ಕನ್ನಡ ಕನ್ನಡವಾಗಿಯೇ ಬಂತು. ಸಬ್‌ವರ್ಶನ್ ಪ್ಯಾಚಿನಲ್ಲಿ ಫೈಲಿನ ದಾರಿಗೆ ಮುಂದೆ ಏನೂ ಅಂಟಿರುವುದಿಲ್ಲವಾದ್ದರಿಂದ ಗಿಟ್‌ಗೆ ‘ಪಿ ಸೊನ್ನೆ’, ಅಂದರೆ ದಾರಿಯ ಮೊದಲ ಭಾಗ ಕತ್ತರಿಸಬೇಡ, ಎಂದು ಹೇಳಬೇಕಾಯಿತು.

ಆದರೂ ಬಿಲ್ಲು ಏಳಲಿಲ್ಲ. ನಾನು ಹೊಸದಾಗಿ ಮಾಡಿದ ಫೈಲುಗಳನ್ನು ಸಬ್‌ವರ್ಶನ್‌ಗೆ ಸೇರಿಸಿರಲಿಲ್ಲವಲ್ಲ, ಅಂಥವು ವ್ಯತ್ಯಾಸದಲ್ಲಿ ಬರುವುದೇ ಇಲ್ಲ. ಸ್ಟೇಟಸ್ ಕೇಳಿದಾಗ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಸಾಲಾಗಿ ಕಂಡವು. ಮಂಡಿಯ ಲೋಗೋ ಚಿತ್ರವನ್ನೂ ಬೈನರಿ ಎಂದು ಪ್ಯಾಚ್ ಬಿಟ್ಟಿತ್ತು. ಎಲ್ಲವನ್ನೂ ಕೈಯಾರೆ ನಕಲು ಮಾಡಿದೆ. ಎರಡೂ ಫೋಲ್ಡರುಗಳನ್ನು ಫೈಲು ಫೈಲಾಗಿ ಹೋಲಿಸಿ ನೋಡಿ ಬೇರೆ ಬ್ರಾಂಚಿನಲ್ಲಿ ಕಮಿಟ್ ಮಾಡಿದೆ, ಫೋನಿನ ಹಾಟ್‌ಸ್ಪಾಟಿನಿಂದ ಸರ್ವರಿಗೆ ಕಳಿಸಿದೆ. ಆ ಬ್ರಾಂಚಿನಲ್ಲಿ ಅರ್ಧ ಕೆಲಸ ಇದ್ದರೂ ಯಾರ ಬಿಲ್ಲೂ ನಿಲ್ಲುವುದಿಲ್ಲ. ಮರುದಿನ ಕಮಿಷನ್ ಕಾಲಮ್ಮಿನಿಂದ ಕೆಲಸ ಮುಂದುವರಿಸಿದೆ.