ಮನೆಯೊಳಗಿನ ಎರಡು ಬೀದಿಗಳು

ಸಂಗೀತವು ಮನೆಯೊಳಕ್ಕೆ ಬರುವ ದಾರಿಯು ಮೂರು ತಲೆಮಾರುಗಳಲ್ಲಿ ಎಷ್ಟು ಸಲ ಬದಲಾಯಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಕಹಳೆಯಂತಹ ಬಾಯುಳ್ಳ ಗ್ರಾಮಾಫೋನು ನಮ್ಮ ಅಜ್ಜನವರ ಕಾಲದ್ದು, ರೇಡಿಯೋ ನಮ್ಮ ತಂದೆಯವರದು, ಕ್ಯಾಸೆಟ್ಟು ನನ್ನದು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಹೂಡಿದರು. ಮುಂದೆ ದೇಶಕ್ಕೆಲ್ಲ ಪರಿಚಿತವಾದ 'ಆಕಾಶವಾಣಿ' ಎಂಬ ಹೆಸರನ್ನು ಅದು ಧರಿಸಿತ್ತು. ಒಂದು ಮನೆಯಿಂದ ಊರಿಗೆಲ್ಲ ಹಾಡು ಹೋಗಬಹುದಾದ ಮೇಲೆ, ಅದೇ ಮನೆಯ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹಾಡನ್ನು ಕಳುಹಿಸುವುದೇನು ಮಹಾ ಎಂದು ವಾಚಕರಿಗೆ ತೋರಬಹುದು. ಈ ಕೆಲಸವು ಸುಲಭವೇ ಸರಿ, ಕೆಡುವ ತನಕ.

ನಮ್ಮ ಮನೆಯ ಏರ್ಪಾಡನ್ನು ಮೊದಲು ಹೇಳಿಬಿಡುತ್ತೇನೆ. ಅಟ್ಟದ ಮೇಲಿನ ನನ್ನ ಓದುವ ಕೋಣೆಯಲ್ಲಿ ಒಂದು ಸಣ್ಣ ಗಣಕಯಂತ್ರವಿದೆ. ಹಾಡುಗಳೆಲ್ಲ ಅದರ ಹೊಟ್ಟೆಯಲ್ಲಿ. ಅದಕ್ಕೆ ಸರ್ವರ್ ಎಂದು ಹೆಸರು. ಕೆಳಗೆ, ಹಿತ್ತಿಲ ಕಡೆಯ ಕೋಣೆಯಲ್ಲಿ, ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಹಲಗೆಯೊಂದೂ ಅದಕ್ಕೆ ಕಟ್ಟಿದ ಒಂದು ಸ್ಪೀಕರೂ ಇವೆ, ಇದು ಪ್ಲೇಯರ್. ಮೇಲಿನದು ಬಡಿಸುತ್ತದೆ, ಕೆಳಗಿನದು ಉಣ್ಣುತ್ತದೆ. ನಡುವೆ ಪರಿಚಾರಕನಂತೆ ಓಡಾಡುವುದು ರೌಟರ್ ಎಂಬ ಪೆಟ್ಟಿಗೆ. ಈ ವಿದ್ಯೆಯ ಮೂಲವು 2000ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸ್ಲಿಮ್ ಡಿವೈಸಸ್ ಎಂಬ ಸಣ್ಣ ಸಂಸ್ಥೆ. 2006ರಲ್ಲಿ ಅದನ್ನು ಲಾಜಿಟೆಕ್ ಕೊಂಡಿತು. 2012ರಲ್ಲಿ ಆ ಪೆಟ್ಟಿಗೆಗಳ ತಯಾರಿಕೆ ನಿಂತಿತು. ಪೆಟ್ಟಿಗೆ ನಿಂತರೂ ತಂತ್ರಾಂಶವು ಸಾಯಲಿಲ್ಲ. ಅದರ ಮೂಲಬರಹವು ಎಲ್ಲರಿಗೂ ತೆರೆದಿದ್ದ ಕಾರಣ, ಆಸಕ್ತರಾದವರು ಅದನ್ನು ತಿದ್ದುತ್ತ ಸಲಹುತ್ತ ಬಂದರು. 2024ರಲ್ಲಿ ಅದಕ್ಕೆ ಲಿರಿಯನ್ ಮ್ಯೂಸಿಕ್ ಸರ್ವರ್ ಎಂದು ನಾಮಕರಣವೂ ಆಯಿತು. ತಾಳೆಗರಿಯನ್ನು ಪ್ರತಿ ಮಾಡಿ ಮಾಡಿ ಕಾವ್ಯಗಳನ್ನು ಉಳಿಸಿದ ಹೆಸರಿಲ್ಲದ ಲಿಪಿಕಾರರ ವಂಶವು ಇನ್ನೂ ಅಳಿದಿಲ್ಲವೆಂದು ನಾನು ಸಂತೋಷಪಟ್ಟಿದ್ದೇನೆ.

ಹಿತ್ತಿಲ ಕೋಣೆಯು ನಮ್ಮ ತಾಯಿಯವರದು. ಅವರಿಗೆ ಈಗ ಎಂಬತ್ತಾರು ವರ್ಷ. ಕಣ್ಣು ಬಹುಮಟ್ಟಿಗೆ ಹೋಗಿದೆ. ತಂದೆಯವರು ಗಮಕಿಗಳು. ತುಂಗೆಯ ದಡದ ಹೊಸಹಳ್ಳಿಗೆ ಹೋಗಿಬಂದು ಅಭ್ಯಾಸ ಮಾಡಿದವರು. ಸಭೆಗಳಿಗಿಂತ ಮನೆಯ ಜಗಲಿಯಲ್ಲಿಯೇ ಹೆಚ್ಚಾಗಿ ವಾಚನ ಮಾಡಿದವರು. ಕುಮಾರವ್ಯಾಸನ ಭಾರತವನ್ನು ಅವರು ಓದಿದ್ದು ಹದಿನಾಲ್ಕು ಕ್ಯಾಸೆಟ್ಟುಗಳಲ್ಲಿದೆ. ಅವರು 2009ರಲ್ಲಿ ತೀರಿಕೊಂಡ ತರುವಾಯ, ಟೇಪು ಬೂಸಲು ಹಿಡಿಯುವುದಕ್ಕೆ ಮೊದಲೇ, 2011ರಲ್ಲಿ ಅವುಗಳನ್ನೆಲ್ಲ ಗಣಕಯಂತ್ರಕ್ಕೆ ಇಳಿಸಿದೆನು. ಅಂದಿನಿಂದ ಪ್ರತಿ ಸಾಯಂಕಾಲ ದೀಪ ಹಚ್ಚಿದ ಮೇಲೆ ಒಂದು ಗಂಟೆಯ ಕಾಲ ತಾಯಿಯವರು ಅದನ್ನು ಕೇಳುತ್ತಾರೆ. ಅವರಿಗೆ ಯಂತ್ರದ ವಿಷಯ ತಿಳಿಯದು, ಬೇಕಾಗಿಯೂ ಇಲ್ಲ. ಕೈಗೆ ಸಿಕ್ಕುವಂತೆ ಒಂದೇ ಒಂದು ಗುಂಡಿಯನ್ನು ಇಟ್ಟಿದ್ದೇನೆ. ಒತ್ತಿದರೆ ನಿನ್ನೆ ನಿಂತಲ್ಲಿಂದ ವಾಚನ ಮುಂದುವರಿಯುತ್ತದೆ.

ಕಳೆದ ಮಳೆಗಾಲದ ಪ್ರಾರಂಭದಲ್ಲಿ, ನಮಗೆ ಇಂಟರ್ನೆಟ್ ಸಂಪರ್ಕ ಕೊಡುವ ಕಂಪೆನಿಯವರು ಹಳೆಯ ತಂತಿಯನ್ನು ತೆಗೆದು ಗಾಜಿನೆಳೆಯನ್ನು ಎಳೆದರು. ಬಂದ ಹುಡುಗನು ವಿನಯಶಾಲಿ. ಪಡಸಾಲೆಯ ಗೋಡೆಗೆ ಹೊಸ ಪೆಟ್ಟಿಗೆಯೊಂದನ್ನು ಹೊಡೆದು, ಅಟ್ಟದ ನಮ್ಮ ಹಳೆಯ ರೌಟರಿಗೆ ಅದರಿಂದ ತಂತಿಯೊಂದನ್ನು ಒಯ್ದು, "ನಿಮಗೆ ತೊಂದರೆಯಾಗಬಾರದೆಂದು ಹೊಸದಕ್ಕೂ ಹಳೆಯ ಹೆಸರನ್ನೇ, ಹಳೆಯ ಗುಪ್ತಪದವನ್ನೇ ಇಟ್ಟಿದ್ದೇನೆ" ಎಂದು ಹೇಳಿ ಹೋದನು. ಅಂದು ಸಾಯಂಕಾಲ ಗುಂಡಿ ಒತ್ತಿದರೆ ವಾಚನವಿಲ್ಲ.

ಮೊದಲನೆಯ ದಿನ ತಾಯಿಯವರು ಸುಮ್ಮನಿದ್ದರು. ಮೂರನೆಯ ದಿನ, "ಇವತ್ತೂ ಓದುವುದಿಲ್ಲವಂತೋ?" ಎಂದು ಕೇಳಿದರು. ಯಂತ್ರವು ಕೆಟ್ಟಿದೆಯೆಂದು ನಾನು ಹೇಳಿದ್ದು ಅವರ ಕಿವಿಗೆ ಬಿದ್ದಿತು, ಮನಸ್ಸಿಗೆ ಬೀಳಲಿಲ್ಲ. ಅವರ ಪ್ರಶ್ನೆಯಲ್ಲಿನ ಕರ್ತೃಪದವು ಯಂತ್ರವಾಗಿರಲಿಲ್ಲ.

ಇಂತಹ ಸಂದರ್ಭದಲ್ಲಿ ಬಂಧುಮಿತ್ರರು ಕೊಡುವ ಉಪದೇಶ ಒಂದೇ: ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿ ನೋಡು. ಎಲ್ಲ ವ್ಯಾಧಿಗೂ ಲಂಘನವನ್ನೇ ವಿಧಿಸುವ ವೈದ್ಯರಂತೆ ಇವರು. ಲಂಘನದಿಂದ ಗುಣವಾದರೂ ರೋಗ ಯಾವುದೆಂಬುದು ಗೊತ್ತಾಗುವುದಿಲ್ಲ. ಅದು ತಿರುಗಿ ಬಂದಾಗ ಮತ್ತೆ ಉಪವಾಸವೇ ಗತಿ. ಆದಕಾರಣ ನಾನು ಬಾಯಿಂದ ಹೊಟ್ಟೆಯ ಕಡೆಗೆ ಕ್ರಮವಾಗಿ ಹುಡುಕುತ್ತ ನಡೆದೆನು. ಸ್ಪೀಕರಿಗೆ ಬೇರೆ ಹಾಡನ್ನು ನೇರವಾಗಿ ಕೊಟ್ಟಾಗ ಅದು ಹಾಡಿತು. ಪೈ ಹಲಗೆಯ ದೀಪವು ಉರಿಯುತ್ತಿತ್ತು. ಅಟ್ಟದ ಮೇಲೆ ಕುಳಿತು ಫೋನಿನಿಂದ ಸರ್ವರನ್ನು ಕರೆದರೆ, ತನ್ನ 9000ನೆಯ ಸಂಖ್ಯೆಯ ಬಾಗಿಲಲ್ಲಿ ನಿಂತು ಓಗೊಟ್ಟಿತು. ಹದಿನಾಲ್ಕು ಕ್ಯಾಸೆಟ್ಟುಗಳೂ ಸ್ವಸ್ಥವಾಗಿದ್ದವು. ಅದೇ ಫೋನನ್ನು ಹಿಡಿದು ಮೆಟ್ಟಿಲಿಳಿದು ತಾಯಿಯವರ ಕೋಣೆಗೆ ಬಂದರೆ ಸರ್ವರ್ ಮಾಯ! ಮತ್ತೆ ಅಟ್ಟಕ್ಕೆ ಹತ್ತಿದೆನು, ಉಂಟು. ಇಳಿದೆನು, ಇಲ್ಲ. ಮಂತ್ರಕ್ಕೆ ಕಟ್ಟುಬಿದ್ದ ಪಿಶಾಚಿಯಂತೆ ಅದು ಮೆಟ್ಟಿಲನ್ನು ದಾಟಲೊಲ್ಲದು. ಕಂಪೆನಿಯ ಸಹಾಯವಾಣಿಗೆ ಕರೆ ಮಾಡಿದಾಗ, "ಎರಡೂ ಕಡೆ ಇಂಟರ್ನೆಟ್ ಬರುತ್ತಿದೆಯಲ್ಲ ಸ್ವಾಮಿ, ಇನ್ನೇನು?" ಎಂಬ ಉತ್ತರ ಬಂದಿತು. ಮಾತು ನಿಜ. ಅಮೆರಿಕದ ಹಾಡು ಎರಡು ಕೋಣೆಗೂ ಬರುತ್ತಿತ್ತು. ಅಟ್ಟದ ಹಾಡು ಮಾತ್ರ ಕೆಳಗಿಳಿಯುತ್ತಿರಲಿಲ್ಲ.

ಈ 'ಉಂಟು-ಇಲ್ಲ'ಗಳೇ ಕೊನೆಗೆ ದಾರಿ ತೋರಿಸಿದವು. ಮನೆಯ ಪ್ರತಿಯೊಂದು ಯಂತ್ರಕ್ಕೂ ರೌಟರು ನಾಲ್ಕು ಅಂಕಿಗಳ ಒಂದು ವಿಳಾಸವನ್ನು ಕೊಡುತ್ತದೆ. ಸಾಮಾನ್ಯವಾಗಿ ಮೊದಲ ಮೂರು ಅಂಕಿಗಳು ಬೀದಿಯ ಹೆಸರಿದ್ದಂತೆ, ಕೊನೆಯದು ಮನೆಯ ಸಂಖ್ಯೆ. ಸರ್ವರಿನ ವಿಳಾಸ 192.168.1.10. ಪ್ಲೇಯರಿನದನ್ನು ಹುಡುಕಿ ತೆಗೆದು ನೋಡಿದರೆ 192.168.0.7! ಮೂರನೆಯ ಅಂಕಿಯಲ್ಲಿ ಒಂದರ ಬದಲು ಸೊನ್ನೆ. ಹೊಸ ಪೆಟ್ಟಿಗೆಯು ತಾನೂ ಒಂದು ರೌಟರಾಗಿದ್ದು ತನ್ನದೇ ಬೀದಿಯನ್ನು ಹಾಕಿತ್ತು. ಹಳೆಯದು ಅದರ ಬೆನ್ನಿಗೆ ತನ್ನ ಬೀದಿಯನ್ನು ಇಟ್ಟುಕೊಂಡಿತ್ತು. ಎರಡಕ್ಕೂ ಹೆಸರು ಒಂದೇ ಆದ್ದರಿಂದ, ತಾಯಿಯವರ ಕೋಣೆಯ ಪ್ಲೇಯರು ತನಗೆ ಬಲವಾಗಿ ಕೇಳಿಸಿದ ಹೊಸದನ್ನೇ ಹಳೆಯದೆಂದು ನಂಬಿ ಅಲ್ಲಿ ಒಕ್ಕಲಾಗಿತ್ತು. ನನ್ನ ಫೋನು ಅಟ್ಟದಲ್ಲಿ ಒಂದು ಬೀದಿಯದು, ಕೆಳಗೆ ಇನ್ನೊಂದರದು.

ಪ್ಲೇಯರು ಸರ್ವರನ್ನು ಹುಡುಕುವ ರೀತಿಯೂ ಇಲ್ಲಿ ತಿಳಿಯತಕ್ಕದ್ದು. ಅದಕ್ಕೆ ಸರ್ವರಿನ ವಿಳಾಸವು ಮೊದಲೇ ಗೊತ್ತಿರುವುದಿಲ್ಲ. "ಹಾಡು ಬಡಿಸುವವರು ಯಾರಾದರೂ ಇದ್ದೀರಾ?" ಎಂದು 3483ನೆಯ ಬಾಗಿಲಿನ ಹೆಸರು ಹಿಡಿದು ಬೀದಿಗೆಲ್ಲ ಡಂಗುರ ಸಾರುತ್ತದೆ. ಡಂಗುರವು ತನ್ನ ಬೀದಿಯ ಗಡಿಯನ್ನು ದಾಟುವುದಿಲ್ಲ. ರೌಟರುಗಳು ಅದನ್ನು ಆಚೆಗೆ ಬಿಡುವುದಿಲ್ಲ. ಬಿಡದಿರುವುದೇ ನ್ಯಾಯ, ಇಲ್ಲವಾದರೆ ಲೋಕದ ಡಂಗುರಗಳೆಲ್ಲ ನಮ್ಮ ಮನೆಯಲ್ಲಿ ಮೊಳಗಬೇಕಾದೀತು. ಅದಲ್ಲದೆ, ಒಳಬೀದಿಯವರು ಹೊರಕ್ಕೆ ಹೋಗಬಹುದು, ಹೊರಬೀದಿಯವರು ಕರೆಯಿಲ್ಲದೆ ಒಳಗೆ ಬರುವಂತಿಲ್ಲವೆಂಬುದು ಹಳೆಯ ರೌಟರಿನ ಕಟ್ಟಳೆ. ಹೀಗಿರುವಲ್ಲಿ ಪ್ಲೇಯರು ಸಂಜೆಯೆಲ್ಲ ಕೂಗುತ್ತಲೇ ಇದ್ದಿತು. ಸರ್ವರು ಕಾಯುತ್ತಲೇ ಇದ್ದಿತು. ಇಬ್ಬರಲ್ಲಿ ಯಾರದೂ ತಪ್ಪಲ್ಲ. ವಿನಯಶಾಲಿಯಾದ ಆ ಹುಡುಗನು ಎರಡಕ್ಕೆ ಎರಡು ಹೆಸರನ್ನಿಟ್ಟಿದ್ದರೆ ಮೊದಲ ದಿನವೇ ಗುಟ್ಟು ಬಯಲಾಗುತ್ತಿತ್ತು. ಉಪಕಾರಬುದ್ಧಿಯಿಂದ ಮಾಡಿದ ಕೆಲಸವನ್ನು ಹುಡುಕಿ ಹಿಡಿಯುವುದು ಅಪಕಾರವನ್ನು ಹಿಡಿಯುವುದಕ್ಕಿಂತ ಕಷ್ಟ.

ಚಿಕಿತ್ಸೆ ಅರ್ಧ ಗಂಟೆಯದು. ಹಳೆಯ ರೌಟರಿಗೆ ವಿಳಾಸ ಹಂಚುವ ಅಧಿಕಾರವನ್ನು ತೆಗೆದುಹಾಕಿ, ಹೊಸದರಿಂದ ಬಂದ ತಂತಿಯನ್ನು ಅದರ ಹೊರಬಾಗಿಲಿನಿಂದ ಕಿತ್ತು ಒಳಗಿನ ಒಂದು ಕಂಡಿಗೆ ಸಿಕ್ಕಿಸಿದೆನು. ಅಂದಿನಿಂದ ಅದು ಯಜಮಾನಿಕೆಯನ್ನು ಬಿಟ್ಟುಕೊಟ್ಟು ಬರಿಯ ಸೇತುವೆಯಾಯಿತು. ಸರ್ವರಿಗೆ ಹೊಸ ಬೀದಿಯಲ್ಲಿ 192.168.0.10 ಎಂಬ ಸ್ಥಿರವಾದ ಮನೆಯನ್ನು ಕೊಟ್ಟೆನು. ಹತ್ತನೆಯ ದಿನ ಸಾಯಂಕಾಲ ವಾಚನ ಹೊರಟಿತು. ತಾಯಿಯವರು ಏನೂ ಹೇಳದೆ ಗೋಡೆಗೆ ಒರಗಿ ಕುಳಿತರು.

ಇಲ್ಲಿಗೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಎರಡು ದಿನಗಳಲ್ಲಿ ಹೊಸದೊಂದು ಉಪದ್ರವವು ತಲೆದೋರಿತು. ಏಳೂವರೆಯ ಸುಮಾರಿಗೆ ಭೀಮನ ಗರ್ಜನೆಯು ನಡುವೆ ತುಂಡಾಗಿ, ಒಂದು ನಿಮಿಷ ಮೌನವಾಗಿ, ಮತ್ತೆ ಹೊರಡುವುದು. ಸಂಪರ್ಕದ ವೇಗ ಸಾಲದೆಂದು ಅಳಿಯಂದಿರು ತೀರ್ಪುಕೊಟ್ಟರು. ಇದು ಲೆಕ್ಕಕ್ಕೆ ನಿಲ್ಲದ ಮಾತು. ಸಿ.ಡಿ. ತಟ್ಟೆಯ ಸಂಗೀತಕ್ಕೆ ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೂ 16 ಬಿಟ್ಟುಗಳು, ಎಡಬಲಗಳೆರಡು. ಗುಣಿಸಿದರೆ 14,11,200 ಬಿಟ್ಟುಗಳು. ಇದು ವೈಫೈ ಹೊರಬಲ್ಲ ಭಾರದಲ್ಲಿ ಒಂದು ಸಣ್ಣ ಅಂಶ. ಪತ್ರವಾದರೆ ಒಂದು ಗಳಿಗೆ ತಡವಾಗಿ ಬಂದರೂ ಪತ್ರವೇ. ಹಾಡಿಗೆ ಬೇಕಾದದ್ದು ವೇಗವಲ್ಲ, ನೈರಂತರ್ಯ.

ಗಡಿಯಾರವನ್ನು ಎದುರಿಗಿಟ್ಟುಕೊಂಡು ನಾಲ್ಕು ಸಂಜೆ ಕಾದೆನು. ವಾಚನವು ಕಡಿದಾಗಲೆಲ್ಲ ಅಡಿಗೆಮನೆಯಿಂದ ಗುಂಯ್ ಎಂಬ ಸದ್ದು, ಕೊನೆಯಲ್ಲಿ ಒಂದು ಗಂಟೆ. ಸೊಸೆಯು ಅತ್ತೆಯವರಿಗೆಂದೇ ಮೈಕ್ರೋವೇವ್ ಒಲೆಯಲ್ಲಿ ಹಾಲನ್ನು ಬಿಸಿ ಮಾಡುತ್ತಿದ್ದಳು. ಆ ಒಲೆಯ ಅಲೆಗಳ ಕಂಪನವು ಸೆಕೆಂಡಿಗೆ ಸುಮಾರು 245 ಕೋಟಿ. ನಮ್ಮ ಪ್ಲೇಯರಿನ ವೈಫೈ ನಡೆಯುವುದೂ ಅದೇ ಓಣಿಯಲ್ಲಿ. ಒಲೆಯ ತಗಡಿನಿಂದ ಸೋರಿದ ಕಿಂಚಿತ್ತು ದೇಹಕ್ಕೆ ಹಾನಿಯಲ್ಲ, ಆದರೆ ಸಣ್ಣ ದನಿಯ ಮಾತುಗಾರನನ್ನು ಮುಚ್ಚಿಬಿಡುವುದಕ್ಕೆ ಸಾಕು. ಮೊದಲು ಸಂಕೇತವು ಅಟ್ಟದ ಮರದ ಹಲಗೆಗಳನ್ನು ಹಾದು ಬರುತ್ತಿದ್ದುದರಿಂದ ಈ ಬಾಧೆ ಇರಲಿಲ್ಲ. ಈಗ ಪಡಸಾಲೆಯಿಂದ ಅಡಿಗೆಮನೆಯನ್ನೂ, ಎರಡು ಜಂಬಿಟ್ಟಿಗೆಯ ಗೋಡೆಗಳನ್ನೂ ಹಾದುಬರಬೇಕು. ಚಾನೆಲನ್ನು 6ರಿಂದ 1ಕ್ಕೆ ಬದಲಿಸಿದಾಗ ಕಡಿತವು ತುಸು ಕಡಮೆಯಾಯಿತೇ ಹೊರತು ನಿಲ್ಲಲಿಲ್ಲ.

ಹಾಲನ್ನು ಮುಂಚೆಯೇ ಕಾಯಿಸೆಂದು ಸೊಸೆಗೆ ಹೇಳಬಹುದಾಗಿತ್ತು. ಯಂತ್ರದ ದೋಷಕ್ಕೆ ಮನುಷ್ಯರ ದಿನಚರಿಯನ್ನು ತಿದ್ದುವುದು ನನಗೆ ಸರಿಬೀಳಲಿಲ್ಲ. ಪೇಟೆಯಿಂದ ಹನ್ನೆರಡು ಮೀಟರು ತಂತಿಯನ್ನು ತಂದು, ಅಟ್ಟದ ಹಲಗೆಯ ಸಂದಿನಲ್ಲಿ ಇಳಿಬಿಟ್ಟು, ತೊಲೆಯ ಬದಿಗೆ ಮೊಳೆ ಹೊಡೆದು, ಪ್ಲೇಯರಿಗೆ ನೇರವಾಗಿ ಕಟ್ಟಿದೆನು. ಇಂತಹ ತಂತಿಯು ನೂರು ಮೀಟರಿನವರೆಗೂ ನಿಶ್ಚಿಂತೆಯಿಂದ ನಡೆಯುತ್ತದೆ. ನಮ್ಮದು ಅದಕ್ಕೆ ಲೆಕ್ಕವೇ ಅಲ್ಲ. ಗಾಳಿಯಲ್ಲಿ ಹಾಡನ್ನು ಕಳುಹಿಸುವ ಕಾಲದಲ್ಲಿ ಹಗ್ಗ ಕಟ್ಟಿದಿರಾ ಎಂದು ಅಳಿಯಂದಿರು ನಕ್ಕರು. ನಗಲಿ.

ತಂತಿ ಕಟ್ಟಿದ ರಾತ್ರಿ ಏಳನೆಯ ಕ್ಯಾಸೆಟ್ಟಿನ ಸರದಿ. ಅದರ ಕೊನೆಯಲ್ಲಿ, ತಂದೆಯವರು ಸಂಧಿಯನ್ನು ಮುಗಿಸಿ ಪುಸ್ತಕ ಮುಚ್ಚುವ ಸಪ್ಪಳದ ಹಿಂದೆಯೇ, ದೂರದಿಂದ ಹೆಣ್ಣುದನಿಯೊಂದು "ಎಲೆ ಹಾಕಿದೆ, ಏಳಿ" ಎನ್ನುತ್ತದೆ. ತಾಯಿಯವರ ಅಂದಿನ ದನಿ. ಒಲೆಯು ಗುಂಯ್‌ಗುಡುತ್ತಲೇ ಇದ್ದಿತು. ಆ ಮಾತು ಒಂದಕ್ಷರವೂ ಮುರಿಯದೆ ಬಂದಿತು. ತಾಯಿಯವರು ಅದನ್ನು ಕೇಳಿ, "ಸಾರು ಆರಿಹೋಗುತ್ತದೆ, ಬೇಗ ಬರುವುದಿಲ್ಲ ಇವರು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಸೊಸೆ ತಂದಿತ್ತ ಹಾಲಿಗೆ ಕೈ ನೀಡಿದರು.