ಪೈಪ್ ಒಡೆದದ್ದು ಅಂಗಡಿಯವರ ತಪ್ಪಲ್ಲ

ಈ ಬೇಸಿಗೆಯಲ್ಲಿ ನಮ್ಮ ಅಡಿಕೆ ತೋಟದ ಮೇನ್ ಲೈನು ಮೂರು ಸಲ ಒಡೀತು. 63 ಎಂಎಂ, 4 ಕೆಜಿ ಪಿವಿಸಿ ಪೈಪು, ಬಾವಿಯಿಂದ ತೋಟದ ತುದಿಗೆ 450 ಮೀಟರ್. ಮೂರನೇ ಸಲ ನಾಲ್ಕು ದಿನ ನೀರಿಲ್ಲದೆ ಎಳೇ ಗಿಡಗಳ ಸೋಗೆ ಜೋತುಬಿತ್ತು. ಸಿಟ್ಟಲ್ಲಿ ಪೈಪಿನ ಅಂಗಡಿಗೆ ಹೋಗಿ ನಾಲ್ಕು ಜನರ ಮುಂದೆ "ಕಳಪೆ ಮಾಲು ಕೊಟ್ಟು ನಮ್ಮ ಹೊಟ್ಟೆ ಮೇಲೆ ಹೊಡೀತೀರಿ" ಅಂದುಬಿಟ್ಟೆ. ಅವರು "ವಾಲ್ವ್ ಹೆಂಗೆ ಮುಚ್ತೀರಿ ಯಜಮಾನ್ರೇ?" ಅಂತ ಒಂದೇ ಮಾತು ಕೇಳಿದ್ರು. ನಾನು ಉತ್ತರ ಕೊಡದೆ ಬಂದೆ.

ಇಂಜಿನಿಯರಿಂಗ್ ಓದೋ ತಂಗಿ ಮಗ ಊರಿಗೆ ಬಂದಿದ್ದ. "ಮಾಮ, ಮುಚ್ಚಿ ತೋರ್ಸು" ಅಂದ. ದಿನಾ ಮಾಡೋ ಹಂಗೆ ಬಾಲ್ ವಾಲ್ವಿನ ಹಿಡಿ ಟಕ್ ಅಂತ ತಿರುಗಿಸಿದೆ. ಪೈಪು ಅದುರ್ತು.

ಅವನು ಹೇಳಿದ್ದು ಇಷ್ಟು. ಆ ಪೈಪಲ್ಲಿ ಒಂದೂಕಾಲು ಟನ್ ನೀರು ಓಡ್ತಿರುತ್ತೆ. ಇಳಿಜಾರಲ್ಲಿ ಬರೋ ತುಂಬಿದ ಗಾಡಿಗೆ ಕಲ್ಲು ಕೊಟ್ಟ ಹಂಗೆ, ಮುಂದಿನ ನೀರು ನಿಂತರೂ ಹಿಂದಿನದು ನೂಕುತ್ತೆ. ಆ ಒತ್ತಡ ಅಲೆಯಾಗಿ, ಇಂಥ ತೆಳು ಪೈಪಲ್ಲಿ ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ಬಾವಿ ಕಡೆ ಹೋಗಿ ವಾಪಸ್ ಬರುತ್ತೆ. ಹೋಗಿಬರೋಕೆ 3 ಸೆಕೆಂಡ್. ಅಷ್ಟರೊಳಗೆ ಮುಚ್ಚಿದರೆ ಪೂರ್ತಿ ಹೊಡೆತ. ರಷ್ಯಾದ ಜುಕೊವ್‌ಸ್ಕಿ ಅನ್ನೋರು 1897ರಲ್ಲೇ ಮಾಸ್ಕೋ ಊರಿನ ನೀರಿನ ಪೈಪುಗಳಲ್ಲಿ ಇದನ್ನ ಪರೀಕ್ಷೆ ಮಾಡಿ ಲೆಕ್ಕ ಕೊಟ್ಟಿದಾರಂತೆ.

ನಮ್ಮ 200 ಲೀಟರ್ ಡ್ರಮ್ 47 ಸೆಕೆಂಡಲ್ಲಿ ತುಂಬ್ತು. ಅಂದ್ರೆ ಪೈಪೊಳಗೆ ನೀರಿನ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ನೀರಿನ ಸಾಂದ್ರತೆ 1000, ಅಲೆ ವೇಗ 300, ನೀರಿನ ವೇಗ 1.5, ಮೂರೂ ಗುಣಿಸಿದರೆ 4,50,000 ಪಾಸ್ಕಲ್, ಹೆಚ್ಚುಕಮ್ಮಿ ನಾಲ್ಕೂವರೆ ಕೆಜಿ. ಲೈನಲ್ಲಿ ಮೊದಲೇ 2 ಕೆಜಿ ಇತ್ತು. 4 ಕೆಜಿ ಪೈಪಿಗೆ ಆರೂವರೆ ಕೆಜಿ! ದಿನಾ ಹಿಂಗೆ ಹೊಡೆದ್ರೆ ಒಂದಿನ ಒಡೀದೆ ಏನ್ಮಾಡುತ್ತೆ?

ಆಮೇಲೆ ಲ್ಯಾಪ್‌ಟಾಪಲ್ಲಿ ಪೈಪನ್ನ 30 ಮೀಟರಿನ 15 ತುಂಡು ಮಾಡಿ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕೊಮ್ಮೆ ಪ್ರತಿ ತುಂಡಿನ ವೇಗ, ಒತ್ತಡ ಲೆಕ್ಕ ಹಾಕಿಸಿದ. ಅಲೆ ಹೋಗಿಬಂದು, ಹೋಗಿಬಂದು, ನೀರಿನ ಸ್ನಿಗ್ಧತೆಗೆ, ಅಂದ್ರೆ ಒಳಗಿನ ತಿಕ್ಕಾಟಕ್ಕೆ, ನಿಧಾನಕ್ಕೆ ಸಾಯುತ್ತೆ. ಆದ್ರೆ ಮೊದಲ ಹೊಡೆತವನ್ನ ತಿಕ್ಕಾಟ ತಡೆಯಲ್ಲ. ಅದನ್ನ ತಡೆಯೋದು ನಮ್ಮ ಕೈ ಮಾತ್ರ. 30 ಸೆಕೆಂಡ್ ತಗೊಂಡು ಮುಚ್ಚಿದ ಹಂಗೆ ಲೆಕ್ಕ ಕೊಟ್ಟಾಗ ಎದ್ದು ನಿಂತಿದ್ದ ಗೆರೆ ತಗ್ಗಿಬಿಡ್ತು.

ಈಗ ನಾನು ಮೊದಲು ಮುಂದಿನ ಭಾಗದ ವಾಲ್ವ್ ತೆಗೆದು, ಆಮೇಲೆ ಹಿಂದಿನದನ್ನ ಮೂವತ್ತು ಎಣಿಸ್ತಾ ಮುಚ್ತೀನಿ. ನೀವೂ ಹಂಗೇ ಮಾಡಿ. ಕಬ್ಬಿಣದ ಪೈಪಾದ್ರೆ ಅಲೆ ಇನ್ನೂ ಜೋರಾಗಿ ಓಡುತ್ತೆ, ಹೊಡೆತವೂ ಜಾಸ್ತಿ.

ಅಂಗಡಿಯವರ ಹತ್ರ ಹೋಗಿ ತಪ್ಪಾಯ್ತು ಅಂದೆ. ನಕ್ಕು ಟೀ ತರಿಸಿದ್ರು. ಆದ್ರೆ ಬೈದಿದ್ದು ನಾಲ್ಕು ಜನರ ಮುಂದೆ, ತಪ್ಪಾಯ್ತು ಅಂದಾಗ ಅಂಗಡೀಲಿ ಯಾರೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.